ಸಂಕಟವೆಂಬ ಇಕ್ಕಟ್ಟು

ಮಾಹಿಮ್ ಖಾಡಿಯ ಹಿನ್ನೀರು ದಾಟುವ ಸೇತುವೆ ಮೇಲೆ ಲೋಕಲ್ ರೈಲು ನಿಂತಿತು. ಅದು ನಿಲ್ಲುವುದು ಹೊಸದಲ್ಲ. ಒಳಗೆ ನಾನು ನಿಂತಿರಲಿಲ್ಲ, ಜನ ನನ್ನನ್ನು ಒತ್ತಿ ನಿಲ್ಲಿಸಿದ್ದರು. ಅದೂ ಹೊಸದಲ್ಲ. ಹೊಸದೆಂದರೆ ಎದೆಯ ಬಿಗಿತ. ಯಾರೋ ಒಳಗಿನಿಂದ ಚಿಲಕ ಹಾಕಿಕೊಂಡ ಹಾಗೆ. ಬೆವರು. ಕೈ ತಣ್ಣಗೆ.

ಸತ್ತೆ ಎಂದುಕೊಂಡೆ.

ಸಾಯಲಿಲ್ಲ. ಮಾಹಿಮ್‌ನಲ್ಲಿ ಇಳಿದು ಬಾಂದ್ರಾದ ನಮ್ಮ ಚಾಳಿಗೆ, ಒಂದೊಂದೇ ಕೋಣೆಯ ಆ ವಠಾರಕ್ಕೆ, ನಡೆದು ಬಂದೆ. ಮರುದಿನ ಸ್ಟೇಷನ್ನಿನ ಮೆಟ್ಟಿಲಲ್ಲೇ ಮತ್ತೆ ಅದೇ. ಚರ್ಚ್‌ಗೇಟಿನ ಆಫೀಸಿಗೆ ಹದಿನೈದು ದಿನ ರಜೆ ಬರೆದೆ. ಅದಕ್ಕಿಂತ ಹೆಚ್ಚು ಸಿಗುವಂತಿರಲಿಲ್ಲ. ಅಷ್ಟರೊಳಗೆ ಲೋಕಲ್ ಹತ್ತಲಾಗದಿದ್ದರೆ ನೌಕರಿ ಹೋದಂತೆ.

ಡಾಕ್ಟರರು ಕಾರ್ಡಿಯೋಗ್ರಾಮ್ ತೆಗೆಸಿ ನೋಡಿದರು. "ಹಾರ್ಟ್ ನಾರ್ಮಲ್. ನೀವು ನರ್ವಸ್," ಎಂದರು. ನಲವತ್ತಾರು ವರ್ಷದ ಹೆಡ್‌ಕ್ಲರ್ಕಿಗೆ ಇದಕ್ಕಿಂತ ಅವಮಾನಕರ ರೋಗವನ್ನು ಸರಕಾರವೂ ಮಂಜೂರು ಮಾಡಲಾರದು. ಮನೆಯಲ್ಲಿ ಎದೆನೋವು ಎಂದಷ್ಟೇ ಹೇಳಿದೆ.

ಅದೇ ತಪ್ಪಾಯಿತು. ನಮ್ಮ ಧಾರವಾಡದ ಕಡೆ ಎದೆನೋವಿನವನನ್ನು ಒಂಟಿಯಾಗಿ ಬಿಡುವ ಪದ್ಧತಿಯಿಲ್ಲ. ಗಾಳಿ ತಾಕದಂತೆ ಹೆಂಡತಿ ಕಿಟಕಿ ಮುಚ್ಚಿ, ಸಂದಿಗೆ ಚಿಂದಿ ತುರುಕಿ, ನನಗೆ ಕಂಬಳಿ ಸುತ್ತಿದಳು. ಚಾಳಿನವರು ಸರದಿಯ ಮೇಲೆ ಬಂದು ಮಂಚದ ಸುತ್ತ ಕುಳಿತು, ಎದೆನೋವಿನಿಂದ ತೀರಿಕೊಂಡವರ ಸುದ್ದಿ ಹೇಳಿ ಧೈರ್ಯ ತುಂಬಿದರು.

ನಾನಿನ್ನೂ ಆ ಸೇತುವೆ ಮೇಲೇ ಇದ್ದೆ.

ರೋಗಕ್ಕೊಂದು ಹೆಸರಾದರೂ ಸಿಗಲಿ ಎಂದು ನಿಘಂಟು ತರಿಸಿದೆ. ಹೊಟ್ಟೆ ಕೆಟ್ಟರೂ ಮನಸ್ಸು ಕೆಟ್ಟರೂ ನಮ್ಮವ್ವ ಒಂದೇ ಮಾತು ಹೇಳುತ್ತಿದ್ದಳು: ಸಂಕಟ. ತೆಗೆದು ನೋಡಿದೆ. ಸಂಸ್ಕೃತದಿಂದ ಬಂದದ್ದು. ಮೊದಲ ಅರ್ಥ ನೋವಲ್ಲ, ದುಃಖವೂ ಅಲ್ಲ. ಇಕ್ಕಟ್ಟು, ಕಿರಿದಾದ ದಾರಿ. ಬೇನೆಯ ಅರ್ಥ ಆಮೇಲೆ ಬಂದು ಸೇರಿಕೊಂಡದ್ದು. ಲೋಕಲ್ಲನ್ನೇ ಕಾಣದ ಯಾರೋ ಹಿರಿಯರು ನನ್ನ ಎದೆಯ ಅಳತೆ ತೆಗೆದುಕೊಂಡು ಹೋಗಿದ್ದರು. ಈ ಬಾಧೆ ನನ್ನೊಬ್ಬನದಲ್ಲ ಎಂದು ತಿಳಿಯಲು ಹದಿಮೂರು ದಿನ ಹಿಡಿಯಿತು.

ಅಂದೇ ಹೆಂಡತಿಗೆ ನಿಜ ಹೇಳಿದೆ. "ಎದಿ ಗಟ್ಟಿ ಅದ. ಇಕ್ಕಟ್ಟಾದ್ರ ಅಂಜಿಕಿ ಬರ್ತದ. ಗಾಡ್ಯಾಗ ಬರ್ತದ, ಇಲ್ಲೂ ಬರ್ತದ."

"ಮತ್ತ ಇಷ್ಟು ದಿನ ಬಾಯಾಗ ಕಡಬು ಇಟ್ಕೊಂಡಿದ್ರೇನು?"

"ನಾಚಿಕಿ ಬಂತು."

"ನಾಚಿಕಿಗೆ ನಾ ಕಂಬಳಿ ಬ್ಯಾರೆ ಹೊಚ್ಚಿದೆ."

ಚಿಂದಿ ಕಿತ್ತು ಕಿಟಕಿ ತೆರೆದಳು. ನೋಡಲು ಬಂದವರನ್ನು, ನಾನು ನಿದ್ದೆಹೋಗಿದ್ದೇನೆಂದು ಸುಳ್ಳು ಹೇಳಿ ಬಾಗಿಲಿನಿಂದಲೇ ಕಳಿಸಿದಳು.

ಹದಿನಾರನೆಯ ದಿನ ಅವಳೂ ಸ್ಟೇಷನ್ನಿಗೆ ಬಂದಳು. ತುಂಬಿದ ಮೂರು ಗಾಡಿ ಬಿಟ್ಟೆ. ನಾಲ್ಕನೆಯದನ್ನು ಹತ್ತಿ ಬಾಗಿಲ ಕಂಬಿ ಹಿಡಿದೆ. ಎದೆ ಬಿಗಿಯಿತು. ಇಳಿಯಲಿಲ್ಲ.

ಈಗಲೂ ಆಗಾಗ ಬರುತ್ತದೆ. ಬಂದ ದಿನ ನಡುವೆ ಇಳಿದು, ಉಸಿರಾಡಿ, ಮುಂದಿನ ಗಾಡಿಗೆ ಹೋಗುತ್ತೇನೆ. ಆಫೀಸಿನ ಹಾಜರಿ ಮಸ್ಟರಿನಲ್ಲಿ ಲೇಟ್ ಮಾರ್ಕ್ ಬೀಳುತ್ತದೆ. ನೌಕರಿ ಉಳಿದಿದೆ. ಸಂಜೆ ಮನೆಗೆ ಬಂದು ಎಲ್ಲಿ ಇಳಿದೆನೆಂದು ಹೆಂಡತಿಗೆ ಹೇಳುತ್ತೇನೆ. ಅವಳು ಹ್ಞೂಂ ಅಂದು ಊಟಕ್ಕೆ ತಾಟು ಹಾಕುತ್ತಾಳೆ.