ಗುಡ್ಡದ ದಾರಿಯಲ್ಲಿ ನಿಂತ ಹೈಬ್ರಿಡ್ ಗಾಡಿ

2007ರಲ್ಲಿ ನಾನು ವಾಹನ ತಯಾರಿಸುವ ಕಂಪನಿಯೊಂದರ ಪರೀಕ್ಷಾ ವಿಭಾಗದಲ್ಲಿ ಹಿರಿಯ ಎಂಜಿನಿಯರ್ ಆಗಿದ್ದೆ. ರಸ್ತೆಯಿಲ್ಲದ ಕಡೆ ಓಡುವ ಫೋರ್ ವೀಲ್ ಡ್ರೈವ್ ಗಾಡಿಗೆ ಹೈಬ್ರಿಡ್ ಎಂಜಿನ್ ಒಗ್ಗುತ್ತದೆಯೇ ಎಂದು ನೋಡಿ ವರದಿ ಕೊಡುವುದು ಆ ವರ್ಷ ನನ್ನ ಪಾಲಿಗೆ ಬಂದ ಕೆಲಸ. ಹೈಬ್ರಿಡ್ ಎಂದರೆ ಡೀಸೆಲ್ ಎಂಜಿನ್ನಿನ ಜೊತೆಗೆ ಬ್ಯಾಟರಿಯಿಂದ ತಿರುಗುವ ಮೋಟಾರೂ ಇರುವ ಗಾಡಿ. ನಾವು ಗೌರಿಬಿದನೂರಿನಲ್ಲಿ ಉಳಿದುಕೊಂಡು, ದಿನವೂ ಒಂದು ಮಾಮೂಲಿ ಡೀಸೆಲ್ ಗಾಡಿ, ಒಂದು ಹೈಬ್ರಿಡ್ ಗಾಡಿ ತೆಗೆದುಕೊಂಡು ಮಂಚೇನಹಳ್ಳಿಯ ಆಚೆಗಿನ ಗುಡ್ಡಕ್ಕೆ ಹೋಗುತ್ತಿದ್ದೆವು.

ಹೈಬ್ರಿಡ್‌ನ ವಿದ್ಯುತ್ ವ್ಯವಸ್ಥೆಯನ್ನು ರೂಪಿಸಿದವರು ಶಶಿಕಲಾ. ಶಿಡ್ಲಘಟ್ಟದವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಆ ಗಾಡಿಯ ಗುಣ ನಮಗೆ ಬೇಗ ಗೊತ್ತಾಯಿತು. ಡೀಸೆಲ್ ಗಾಡಿ ಬಂಡೆ ಹತ್ತಬೇಕಾದರೆ ಎಂಜಿನ್ ಅರಚುತ್ತದೆ, ಇಳಿಯುವಾಗ ಕುಕ್ಕುತ್ತದೆ. ಮೋಟಾರಿಗೆ ನಿಂತಲ್ಲಿಂದಲೇ ಪೂರ್ತಿ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಸಿಗುತ್ತದೆ. ಹೈಬ್ರಿಡ್ ಅದೇ ಬಂಡೆಯನ್ನು ಸದ್ದಿಲ್ಲದೆ ತೆವಳಿಕೊಂಡು ದಾಟುತ್ತಿತ್ತು. ದೋಷಗಳೂ ಇದ್ದವು. ತೂಕ ಹೆಚ್ಚು. ಬಿಸಿಲಲ್ಲಿ ಬ್ಯಾಟರಿ ಕಾದರೆ ರಕ್ಷಣೆಗೆಂದು ಕರೆಂಟು ತಾನಾಗಿಯೇ ಕಡಿದುಹೋಗುತ್ತಿತ್ತು. ಆಗ ಎಂಜಿನ್ನನ್ನೂ ಚಾಲೂ ಮಾಡಲಾಗದು, ಏಕೆಂದರೆ ಅದನ್ನು ಚಾಲೂ ಮಾಡುವುದೂ ಅದೇ ಮೋಟಾರು. ಬೇರೆ ಸ್ಟಾರ್ಟರ್ ಬೇಕೆಂದು ಶಶಿಕಲಾ ಮೊದಲೇ ಕೇಳಿದ್ದರು. ತೂಕ ಇಳಿಸುವ ನೆಪದಲ್ಲಿ ಮೇಲಿನವರು ಒಪ್ಪಿರಲಿಲ್ಲ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಗುಡ್ಡದ ಮೇಲಿನ ಹಟ್ಟಿಯಿಂದ ವೆಂಕಟರವಣಪ್ಪ ಎಂಬ ರೈತ ಓಡಿ ಬಂದ.

"ಸಾ, ನಮ್ಮೋಳು ಹುಣಸೇಕಾಯಿ ಬಡಿಯಕ್ಕೋಗಿ ಮರದಿಂದ ಬಿದ್ದವ್ಳೆ. ಸೊಂಟ ಅಲ್ಲಾಡ್ಸಕ್ಕಾಗ್ತಿಲ್ಲ. ಗಾಡಿ ತತ್ತೀರಾ?"

ಆಂಬುಲೆನ್ಸ್ ಹತ್ತುವ ದಾರಿಯಲ್ಲ ಅದು. ಯಾವ ಗಾಡಿ ಎಂಬ ಪ್ರಶ್ನೆ ಬಂತು. ಬೆನ್ನಿಗೆ ಪೆಟ್ಟಾದವರನ್ನು ಕುಲುಕಬಾರದು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. "ಹೈಬ್ರಿಡ್ಡೇ ಸರ್, ಜರ್ಕ್ ಇಲ್ದಂಗೆ ಇಳಿಸ್ಬೋದು," ಎಂದರು ಶಶಿಕಲಾ. ಬಿಸಿಲಿಗೆ ಬ್ಯಾಟರಿ ಕಾಯುವ ಭಯವಿದ್ದರೂ ನಾನೂ ಅದನ್ನೇ ಹೇಳುವವನಿದ್ದೆ.

ಎರಡೂ ಗಾಡಿಗಳಲ್ಲಿ ಹಟ್ಟಿಗೆ ಹತ್ತಿ, ವೆಂಕಟರವಣಪ್ಪನ ಹೆಂಡತಿ ಲಕ್ಷ್ಮಮ್ಮನನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ಹೈಬ್ರಿಡ್ ಗಾಡಿಗೆ ಏರಿಸಿದೆವು. ನಮ್ಮ ಡ್ರೈವರ್, ಚಿಂತಾಮಣಿಯ ರೆಡ್ಡಪ್ಪ, ಎಂಜಿನ್ ಆರಿಸಿ, ಬರೀ ಮೋಟಾರಿನಲ್ಲಿ ಇಳಿಸತೊಡಗಿದ. ನಾನು ಡೀಸೆಲ್ ಗಾಡಿಯನ್ನು ಹಿಂದೆಯೇ ತಂದೆ. ಲಕ್ಷ್ಮಮ್ಮ ಶಶಿಕಲಾ ಅವರ ಕೈ ಹಿಡಿದುಕೊಂಡು, "ಅಲ್ಲಾಡ್ತಾನೇ ಇಲ್ವಲ್ಲಮ್ಮ," ಅಂದಳಂತೆ.

ಅರ್ಧ ದಾರಿಯಲ್ಲಿ ಗಾಡಿ ನಿಂತಿತು. ಹತ್ತುವಾಗಲೇ ಕಾದಿದ್ದ ಬ್ಯಾಟರಿ, ಇಳಿಯುವಾಗ ಮೋಟಾರು ಬ್ರೇಕಿನಂತೆ ಹಿಡಿದು ಚಾರ್ಜ್ ತುಂಬಿದ್ದರಿಂದ ಮತ್ತೂ ಕಾದು, ಕರೆಂಟು ಕಡಿದಿತ್ತು. ಎರಡೂ ಬದಿಗೆ ಬಂಡೆ, ಮುಂದೆ ಚಕ್ರ ಹತ್ತಬೇಕಾದ ಕಲ್ಲು. ತಳ್ಳಿದರೆ ಜರುಗದಷ್ಟು ಭಾರದ ಗಾಡಿ. ಅದನ್ನು ದಾಟಿ ನನ್ನ ಗಾಡಿ ಹೋಗುವಂತಿರಲಿಲ್ಲ.

"ತಣ್ಣಗಾಗೋ ತನ್ಕ ಏನೂ ಮಾಡಕ್ಕಾಗಲ್ಲ ಮೇಡಂ," ಎಂದ ರೆಡ್ಡಪ್ಪ.

ಲಕ್ಷ್ಮಮ್ಮನಿಗೆ ಉಸಿರಾಟ ಕಷ್ಟವಾಗತೊಡಗಿತ್ತು. ಕಾಯುವಂತಿರಲಿಲ್ಲ. ಹಲಗೆಯನ್ನು ನಾಲ್ವರೂ ಹೊತ್ತು ನಡೆದೆವು. ಜಾರುವ ಕಲ್ಲು, ಎಷ್ಟು ಜೋಪಾನ ಮಾಡಿದರೂ ಹಲಗೆ ವಾಲುತ್ತಿತ್ತು. ಒಂದು ಕಡೆ ವೆಂಕಟರವಣಪ್ಪನ ಕಾಲು ಜಾರಿತು. ಆಕೆ ಚೀರಿದಳು. ಬುಡ ಮುಟ್ಟುವ ಹೊತ್ತಿಗೆ, "ಕಾಲು ಇದಾವಾ ಇಲ್ವಾ ಗೊತ್ತಾಗ್ತಿಲ್ಲ," ಎಂದು ಗಂಡನಿಗೆ ಹೇಳುತ್ತಿದ್ದಳು. ದಾರಿಯಲ್ಲಿ ಸಿಕ್ಕ ಟೆಂಪೋದಲ್ಲಿ ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿಗೆ ಒಯ್ದರು. ಜೀವ ಉಳಿಯಿತು. ಮತ್ತೆ ಆಕೆ ನಡೆಯಲಿಲ್ಲ. ಬಿದ್ದಾಗಲೇ ಹಾಗಾಯಿತೋ ಹೊತ್ತು ತಂದಾಗ ಆಯಿತೋ ಹೇಳಲಾಗದು ಎಂದರು ಡಾಕ್ಟರು.

ವರದಿಯಲ್ಲಿ ನಾನು ಇದ್ದದ್ದನ್ನು ಇದ್ದಂತೆ ಬರೆದೆ. ಕಲ್ಲುದಾರಿಗೆ ಇಷ್ಟು ಮೃದುವಾದ ಗಾಡಿಯನ್ನು ನಾನು ಕಂಡಿಲ್ಲ. ಬ್ಯಾಟರಿಗೆ ತಂಪಿನ ವ್ಯವಸ್ಥೆ, ಎಂಜಿನ್ನಿಗೆ ಸ್ವಂತ ಸ್ಟಾರ್ಟರ್ ಕೊಟ್ಟರೆ ಈ ದೋಷ ನೀಗುತ್ತದೆ ಎಂದೆ. ಸಭೆಯಲ್ಲಿ ವಿಭಾಗದ ಮುಖ್ಯಸ್ಥರು, "ಹೆಂಗಸಿನ ಸೊಂಟ ಮುರಿದ ಗಾಡಿ ಅಂತ ಹೆಸರು ಬಿದ್ದ ಮೇಲೆ ಇದನ್ನ ಯಾರು ಕೊಳ್ತಾರ್ರೀ?" ಎಂದರು. ಅಲ್ಲಿಗೆ ಯೋಜನೆ ಮುಗಿಯಿತು. ಗಾಡಿಯನ್ನು ಬಿಚ್ಚಿ ಗುಜರಿಗೆ ಹಾಕಿದರು. ಶಶಿಕಲಾ ಅವರನ್ನು ಸೀಟುಗಳ ವಿನ್ಯಾಸಕ್ಕೆ ಹಾಕಿದರು.

ಕೆಲವು ತಿಂಗಳ ನಂತರ ನಾವಿಬ್ಬರೂ ಹಟ್ಟಿಗೆ ಹೋದೆವು. ಲಕ್ಷ್ಮಮ್ಮ ಜಗಲಿಯ ಮೇಲೆ ಮಲಗಿದ್ದಳು. ಬೈಗುಳಕ್ಕೆ ಸಿದ್ಧವಾಗಿಯೇ ಹೋಗಿದ್ದೆವು. ವೆಂಕಟರವಣಪ್ಪ ನೀರು ಕೊಟ್ಟು ಕೂರಿಸಿದ.

"ಗಾಡಿ ನಿಲ್ಲೋವರ್ಗೂ ಇವ್ಳಿಗೆ ನೋವೇ ಗೊತ್ತಾಗ್ಲಿಲ್ಲ ಕಣಮ್ಮ. ಅದನ್ನ ನಿಲ್ದಂಗೆ ರಿಪೇರಿ ಮಾಡ್ಬಿಡಿ. ಈ ಕಡೆ ಇನ್ನೂ ಎಷ್ಟೋ ಜನ ಮರ ಹತ್ತೋರವ್ರೆ."

ಶಶಿಕಲಾ "ಮಾಡ್ತೀವಪ್ಪ," ಎಂದರು. ಗಾಡಿಯೇ ಇಲ್ಲ ಎಂದು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಒಂದು ಯಂತ್ರದ ಗುಣವನ್ನೂ ದೋಷವನ್ನೂ ಕಂಡುಹಿಡಿಯುವುದು ಪರೀಕ್ಷಕನ ಕೆಲಸ, ಆಮೇಲೆ ತಿದ್ದುವವರು ಇದ್ದೇ ಇರುತ್ತಾರೆ ಎಂದು ಅಲ್ಲಿಯತನಕ ನಂಬಿದ್ದೆ. ಸರಿಪಡಿಸುವ ದಾರಿ ಕಣ್ಣೆದುರಿಗಿದ್ದರೂ ಸರಿಪಡಿಸದೆಯೇ ಬಿಟ್ಟುಬಿಡುತ್ತಾರೆ ಎಂಬುದನ್ನು ಆ ಗುಡ್ಡ ಕಲಿಸಿತು. ಆ ಪಾಠದಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.