ಬೈರಯ್ಯನವರ ಪಾಲಿನ ಡಬ್ಬಿ

ಡಿಸೆಂಬರ್ ರಜೆಗೆ ಮಗಳು ಸುಮಾ ಕೆಂಗೇರಿಯಿಂದ ಬರುತ್ತಾಳೆಂದು ಗೊತ್ತಾದ ದಿನದಿಂದ ಬೈರಯ್ಯನವರಿಗೆ ಸಂಕಟ ಶುರುವಾಗಿತ್ತು. ಮಗಳು, ಮೊಮ್ಮಗಳು ಬರುತ್ತಾರೆಂದು ಸಂಕಟಪಡುವ ಮನುಷ್ಯ ಎಲ್ಲಾದರೂ ಇದ್ದಾನೆಯೇ ಎಂದು ಕೇಳಬೇಡಿ. ಸುಂಕದಕಟ್ಟೆಯ ಕೆಂಪು ಗೇಟಿನ ಮನೆಯಲ್ಲಿ ಇದ್ದರು.

ಮೂವತ್ತಮೂರು ವರ್ಷ ಸಿಟಿ ಬಸ್ಸಿನ ಕಂಡಕ್ಟರಾಗಿದ್ದು, ನವೆಂಬರ್ ಕೊನೆಗಷ್ಟೇ ನಿವೃತ್ತರಾದವರು ಅವರು. ಊರಿಗೆಲ್ಲ ರಜೆ ಬಂದರೆ ಬಸ್ಸಿಗೆ ಜನ ಜಾಸ್ತಿ. ಜನ ಜಾಸ್ತಿಯಾದರೆ ಕಂಡಕ್ಟರಿಗೆ ರಜೆ ಇಲ್ಲ. ಚಳಿಗಾಲದ ರಜೆಯಲ್ಲಿ ಮನೆಯವರೆಲ್ಲ ಚಾಪೆ ಹಾಸಿ ಕೂತು, ನೆನೆಸಿದ ಅವರೆಕಾಳಿನ ಸಿಪ್ಪೆ ಹಿತಕುವ ದಿನವನ್ನು ಅವರು ಒಮ್ಮೆಯೂ ಕಂಡವರಲ್ಲ. ಎರಡನೇ ಪಾಳಿ ಮುಗಿಸಿ ಬರುವಷ್ಟರಲ್ಲಿ ಎಲ್ಲರೂ ಮಲಗಿರುತ್ತಿದ್ದರು. ಒಲೆಯ ಪಕ್ಕ ಒಂದು ಸ್ಟೀಲ್ ಡಬ್ಬಿಯಲ್ಲಿ ಹಿತಕಿದ ಬೇಳೆ ಸಾರು ತಣ್ಣಗೆ ಕಾದಿರುತ್ತಿತ್ತು. ಬಿಸಿ ಮಾಡಲು ಹೋದರೆ ಸದ್ದಾಗಿ ಯಾರಾದರೂ ಎದ್ದಾರೆಂದು ನಿಂತೇ ಉಣ್ಣುತ್ತಿದ್ದರು. ಎಲ್ಲರೂ ಉಂಡು ಉಳಿದದ್ದು ತನಗೆ ಎಂದುಕೊಂಡಿದ್ದರು. ಅದಕ್ಕೆ ಬೇಜಾರೂ ಪಟ್ಟವರಲ್ಲ, ದುಡಿಯಲು ಹೋದವನಿಗೆ ಇನ್ನೇನು ಸಿಗುತ್ತದೆ?

ಈಗ ದುಡಿಮೆಯೂ ಮುಗಿದಿತ್ತು. ಹಾಗಾದರೆ ಈ ಮನೆಯಲ್ಲಿ ತನ್ನ ಜಾಗ ಯಾವುದು? ಅವರ ಸಂಕಟ ಇದೇ.

"ಅವ್ರು ಬಂದಾಗ ನಾನೇನ್ ಮಾಡ್ಲಿ?" ಎಂದು ಹೆಂಡತಿ ನರಸಮ್ಮನನ್ನು ಕೇಳಿದರು.

"ನೀವೇನ್ ಮಾಡ್ತೀರಾ? ಸುಮ್ನೆ ಆರಾಮಾಗ್ ಕೂತ್ಕೊಳಿ."

ಆರಾಮಾಗಿ ಕೂತುಕೊಳ್ಳಿ ಎಂದು ಹೇಳುವುದು ನೆಂಟರಿಗೆ.

ಸುಮಾ ಬರುವ ದಿನ ತಡೆಯಲಾರದೆ ಚೀಲ ಹಿಡಿದು ಮಾಗಡಿ ರಸ್ತೆಗೆ ಹೋಗಿ ಐದು ಕೆಜಿ ಅವರೆಕಾಯಿ ತಂದರು. ಹಸಿರು ಹಸಿರಾಗಿ ಕಾಣುವುದನ್ನೇ ಆರಿಸಿ ಆರಿಸಿ ತಂದಿದ್ದರು. ಎಲ್ಲ ಎಳಸು! ಹಿತಕಲು ಕಾಳು ಬಲಿತು ತುಂಬಿಕೊಂಡಿರಬೇಕು. ಇಷ್ಟು ವರ್ಷ ಇದೇ ಬೇಳೆಯ ಸಾರು ಉಂಡ ಮನುಷ್ಯನಿಗೆ ಅಷ್ಟೂ ಗೊತ್ತಿರಲಿಲ್ಲ. ನರಸಮ್ಮ ಚೀಲಕ್ಕೆ ಕೈ ಹಾಕಿ, ಒಂದು ಕಾಯಿ ಬಿಡಿಸಿ ನೋಡಿ, "ಇರ್ಲಿ ಬಿಡಿ, ಉಪ್ಪಿಟ್ಟಿಗಾಗುತ್ತೆ," ಎಂದಳು. ಸಂಜೆ ಬಂದ ಸುಮಾ ಮೊಸರು ತರುತ್ತೇನೆಂದು ಹೇಳಿ ಹೋಗಿ ಬೇರೆ ಕಾಯಿ ತಂದಳು. ಇಬ್ಬರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮರುದಿನ ಬೆಳಗ್ಗೆ ನಡುಮನೆಯಲ್ಲಿ ಚಾಪೆ ಬಿತ್ತು. ಗೋಡೆಗೊರಗಿ ನರಸಮ್ಮ, ಪಕ್ಕದಲ್ಲಿ ಸುಮಾ, ಎದುರಿಗೆ ಎರಡನೇ ಕ್ಲಾಸಿನ ಹೇಮಶ್ರೀ, ನಡುವೆ ಬೇಸಿನ್ನು. ಯಾರು ಎಲ್ಲಿ ಕೂರಬೇಕೆಂದು ಯಾರೂ ಕೇಳಲಿಲ್ಲ, ಅವರಿಗೆಲ್ಲ ಗೊತ್ತಿತ್ತು. ಬೈರಯ್ಯ ಬಾಗಿಲ ಬಳಿ ನಿಂತೇ ಇದ್ದರು.

"ಬಾಪ್ಪ, ಜಾಗ ಇದೆ," ಎಂದು ಸುಮಾ ಬೇಸಿನ್ನು ಅತ್ತ ಎಳೆದಳು.

'ಒಳಗೆ ಹೋಗಿ, ಜಾಗ ಇದೆ' ಎಂದು ಬಸ್ಸಿನಲ್ಲಿ ಲಕ್ಷಾಂತರ ಜನಕ್ಕೆ ಹೇಳಿದ್ದ ಬಾಯಿ ಅವರದು. ಜಾಗ ಇಲ್ಲದ ಕಡೆಯೇ ಆ ಮಾತು ಹೇಳುವುದೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೊಣಕಾಲು ಮಡಚಿ, ಮೈ ಚಿಕ್ಕದು ಮಾಡಿಕೊಂಡು ಕೂತರು. ಒಂದು ಕಾಳು ಹಿಡಿದು ಒತ್ತಿದರು. ಅಪ್ಪಚ್ಚಿಯಾಯಿತು. ಇನ್ನೊಂದು ಟಿವಿ ಸ್ಟ್ಯಾಂಡಿನ ಕೆಳಗೆ ಹಾರಿತು.

"ಹಿಂಗಲ್ಲ ತಾತ, ಮೆತ್ತಗೆ. ನೋಡು, ಪುಳಕ್ ಅಂತ ಬರ್ಬೇಕು," ಎಂದು ಹೇಮಶ್ರೀ ತೋರಿಸಿಕೊಟ್ಟಳು.

ಅವರ ಬೇಳೆ ಪುಳಕ್ಕೆಂದು ಬರಲೇ ಇಲ್ಲ. ನರಸಮ್ಮ, ಸುಮಾ ಏನೋ ನೆನೆಸಿಕೊಂಡು ನಗುತ್ತಿದ್ದರು. ಹಿಂದಿನ ಯಾವುದೋ ಡಿಸೆಂಬರಿನ ಮಾತು, ಇವರಿಲ್ಲದಾಗಿನ ಮಾತು. ಬೈರಯ್ಯ ಗಡಿಯಾರ ನೋಡಿದರು. ಐದು ನಿಮಿಷ ಬಿಟ್ಟು ಮತ್ತೆ ನೋಡಿದರು. ಇನ್ನೂ ಎಂಟು ದಿನ ರಜೆ. ಅದಾದ ಮೇಲೆ ಜೀವಮಾನವೆಲ್ಲ ರಜೆ.

ಹೇಗೋ ಮಧ್ಯಾಹ್ನವಾಯಿತು. ಅಡುಗೆಮನೆಯಿಂದ ಸಾರಿನ ಘಮ ಹಬ್ಬುವ ಹೊತ್ತಿಗೆ ಅವರು ನಿರ್ಧಾರ ಮಾಡಿಯಾಗಿತ್ತು. ಇಸ್ತ್ರಿ ಶರ್ಟು ಹಾಕಿಕೊಂಡು, "ಡಿಪೋ ಕಡೆ ಹೋಗ್ಬರ್ತೀನಿ. ಪಿಎಫ್ ಪೇಪರ್ ಒಂದಿದೆ," ಎಂದರು. ಪೇಪರೂ ಇರಲಿಲ್ಲ, ಏನೂ ಇರಲಿಲ್ಲ. ಒಳಗೆ ಪಾತ್ರೆಗಳ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳೋಣವೆಂದು ಅಡುಗೆಮನೆ ಬಾಗಿಲಿಗೆ ಹೋದರು.

ಸುಮಾ ಕುದಿಯುವ ಸಾರನ್ನು ಸೌಟಿನಲ್ಲಿ ಎತ್ತಿ ಆ ಹಳೇ ಸ್ಟೀಲ್ ಡಬ್ಬಿಗೆ ಬಡಿಸುತ್ತಿದ್ದಳು. ಹೇಮಶ್ರೀ ಖಾಲಿ ತಟ್ಟೆ ಹಿಡಿದು ಕಾಯುತ್ತಿದ್ದಳು. ತನ್ನನ್ನು ಹೊರಗೆ ಕಳಿಸಿಕೊಡುವುದಕ್ಕೆ ಬುತ್ತಿ ಕಟ್ಟುತ್ತಿದ್ದಾರೆಯೇ?

"ಯಾರಿಗಮ್ಮ ಅದು?"

"ನಿಂಗೇ ಕಣಪ್ಪ..." ಎಂದವಳು ತಿರುಗಿ ಅಪ್ಪನನ್ನು ನೋಡಿ, ಸೌಟು ಹಿಡಿದ ಹಾಗೇ ನಿಂತುಬಿಟ್ಟಳು. ಕೈ ತನ್ನ ಪಾಡಿಗೆ ತಾನು ರೂಢಿಯ ಕೆಲಸ ಮಾಡಿತ್ತು. ನರಸಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ನ! ಅವ್ರು ಮನೇಲೇ ಇದಾರಲ್ಲೇ!"

"ಅದು ತಾತನ ಡಬ್ಬಿ," ಎಂದು ಹೇಮಶ್ರೀ ಬೈರಯ್ಯನವರಿಗೇ ವಿವರಿಸಿದಳು. "ಫಸ್ಟ್ ಅದಕ್ಕೆ ಹಾಕ್ಬೇಕು. ಆಮೇಲೇ ನಮಗೆಲ್ಲ ಊಟ. ಅಜ್ಜಿ ರೂಲ್ಸು."

"ಯಾವಾಗಿಂದ?" ಎಂದು ಬೈರಯ್ಯ ಮೆಲ್ಲಗೆ ಕೇಳಿದರು.

"ಯಾವಾಗಿಂದ ಅಂದ್ರೆ? ಮೊದ್ಲಿಂದ್ಲೂ," ಎಂದಳು ನರಸಮ್ಮ. ಇದೂ ಒಂದು ಕೇಳುವ ಮಾತೇ ಎಂಬಂತೆ ಮುದ್ದೆಯತ್ತ ತಿರುಗಿದಳು.

ಉಳಿದದ್ದಲ್ಲ. ಮೊದಲಿನದು. ಬೈರಯ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಕಣ್ಣು ತುಂಬಿ ಬಂದು, ಹುಡುಗಿಗೆ ಕಾಣದಿರಲೆಂದು ಆ ಕಡೆ ಮುಖ ಮಾಡಿದರು. ನಾಳೆ ಏನು ಮಾಡುವುದೆಂಬ ದಿಗಿಲು ಹೋಗಿರಲಿಲ್ಲ, ಬೇಳೆ ಹಿತಕಲೂ ಬಂದಿರಲಿಲ್ಲ. ಆದರೂ ಇಸ್ತ್ರಿ ಶರ್ಟಿನ ತೋಳು ಮಡಚಿ, ಚಾಪೆಯ ನಡುವೆ, ಬೇಸಿನ್ನು ಇದ್ದ ಕಡೆಯೇ ಚಕ್ಕಂಬಕ್ಕಳ ಹಾಕಿ ಕೂತರು.

"ತಟ್ಟೆಗೆ ಸುರೀಬೇಡ. ಡಬ್ಬೀನೇ ಕೊಡಮ್ಮ."

ಸುಮಾ ಮುಚ್ಚಿ ತಂದಿಟ್ಟ ಡಬ್ಬಿಯ ಮುಚ್ಚಳ ತೆಗೆದರೆ ಹಬೆಗೆ ಕನ್ನಡಕ ಮಂಜಾಯಿತು.

"ಈಗ ನಾವ್ ತಿನ್ಬೋದಾ?" ಎಂದು ಹೇಮಶ್ರೀ ಕೇಳಿದಳು.

"ತಡಿ," ಎಂದರು ಬೈರಯ್ಯ. ಒಂದು ತುತ್ತು ಮುದ್ದೆ ಅದ್ದಿ ಬಾಯಿಗಿಟ್ಟರು. ಮೂವತ್ತಮೂರು ವರ್ಷದಲ್ಲಿ ಆ ಡಬ್ಬಿಯ ಸಾರು ಅವರ ನಾಲಗೆ ಸುಟ್ಟದ್ದು ಅದೇ ಮೊದಲು.