ದೊಡ್ಡಪ್ಪನ ಬೋರ್ಡೂ ಹಾರುವ ಜೀನೂ

ಫೋರ್ಟಿನಲ್ಲೊಂದು, ಅಂಧೇರಿಯಲ್ಲೊಂದು, ಹೀಗೆ ದೊಡ್ಡಪ್ಪನಿಗೆ ಎರಡು ಉಡುಪಿ ಹೋಟೆಲ್. ಮಕ್ಕಳಿಲ್ಲ. ಹಾಗಾಗಿ ಅಂಧೇರಿಯ ಗಲ್ಲಾ ಪೆಟ್ಟಿಗೆಯ ಮುಂದೆ ನಾನೇ ಕೂರಬೇಕೆಂದು ಅವರ ಹಟ. ನಾನೋ ಪವಾಯಿಯ ಲ್ಯಾಬಿನಲ್ಲಿ ಪಿಎಚ್‌ಡಿ ಎಂದು ಇಲಿಗಳ ಜೀವಕೋಶದಲ್ಲಿ ಹಾರುವ ಜೀನುಗಳನ್ನು ಹುಡುಕುತ್ತಿದ್ದೆ. ಅದನ್ನು ಬಿಡುವ ಮನಸ್ಸು ನನಗಿರಲಿಲ್ಲ. ಅಪ್ಪನಂತೂ ಅಣ್ಣ ಹಾಕಿದ ಗೆರೆ ದಾಟುವವರಲ್ಲ.

ಆಫೀಸುಗಳಿಗೆ ರಜೆಯಿದ್ದು ಫೋರ್ಟಿನ ಹೋಟೆಲ್ ಖಾಲಿಯಿದ್ದ ಒಂದು ಭಾನುವಾರ ದೊಡ್ಡಪ್ಪ ಕರೆಸಿದರು.

“ಅಲ್ಲಿ ನೀನು ಎಂತ ಮಾಡುದು ಅಂತ ನಂಗೆ ಅರ್ಥ ಆಗುವ ಹಾಗೆ ಹೇಳು. ಅರ್ಥ ಆದ್ರೆ ಬಿಡ್ತೇನೆ. ಇಲ್ಲದಿದ್ರೆ ಬಸ್, ಅಂಧೇರಿ.”

ಡಿಎನ್‌ಎ, ಆರ್‌ಎನ್‌ಎ ಎಂದು ಶುರು ಮಾಡಿದೆ. ದೊಡ್ಡಪ್ಪ ಕಣ್ಣು ಮುಚ್ಚಿದರು. ಗೊರಕೆಯೂ ಬಂತು. ನನಗೆ ಪಿತ್ತ ನೆತ್ತಿಗೇರಿತು.

“ಅಂಧೇರಿಯ ಬೋರ್ಡು ನೆನಪುಂಟಾ ದೊಡ್ಡಪ್ಪ?”

ಗೊರಕೆ ನಿಂತಿತು. ಅಂಧೇರಿ ಹೋಟೆಲ್ ತೆರೆಯುವಾಗ ಅವರು ಫೋರ್ಟಿನ ಬೋರ್ಡಿನ ಫೋಟೋ ತೆಗೆಸಿ, ಒಂದಕ್ಷರವೂ ಬಿಡಬೇಡ ಎಂದು ಪೇಂಟರನಿಗೆ ಕೊಟ್ಟಿದ್ದರು. ಪುಣ್ಯಾತ್ಮ ‘ಫ್ಯಾಮಿಲಿ ರೂಮ್ ಮೇಲಿದೆ’ ಎಂಬುದನ್ನೂ ಬರೆದಿದ್ದ. ಅಂಧೇರಿಯಲ್ಲಿ ಮೇಲಿದ್ದದ್ದು ಹಲ್ಲಿನ ಡಾಕ್ಟರ ಕ್ಲಿನಿಕ್. ಸಂಸಾರ ಸಮೇತ ಮೆಟ್ಟಿಲು ಹತ್ತಿದವರು ಅಲ್ಲಿನ ಬೆಂಚಿನಲ್ಲಿ ಕೂತು ಮಸಾಲೆ ದೋಸೆಗೆ ಕಾಯುತ್ತಿದ್ದರು.

“ಫೋರ್ಟಿನ ಬೋರ್ಡು ಇದ್ದಲ್ಲೇ ಇತ್ತು. ಫೋಟೋ ಮಾತ್ರ ಹೋಗಿ ಅಲ್ಲಿ ಇನ್ನೊಂದು ಬೋರ್ಡಾಯ್ತು. ಈ ಜೀನೂ ಹಾಗೇ. ತಾನು ಕೂತಲ್ಲೇ ಕೂತು, ತನ್ನದೊಂದು ನಕಲು ಕಳಿಸ್ತದೆ. ಆ ನಕಲು ನೋಡಿ ಮತ್ತೆ ಜೀನು ಬರೆದು ಬೇರೆ ಕಡೆ ಸೇರಿಸುದು. ಅಲ್ಲಿ ಮೇಲೆ ರೂಮ್ ಉಂಟಾ ಅಂತ ಕೇಳುದಿಲ್ಲ. ಇಲಿಯಲ್ಲೂ ನಮ್ಮಲ್ಲೂ ಇಂಥ ಬೋರ್ಡು ರಾಶಿ ಉಂಟು. ಹೆಚ್ಚಿನವು ಮಾಸಿಹೋಗಿವೆ, ಇನ್ನು ನಕಲಾಗುದಿಲ್ಲ. ಕೆಲವು ಒಳ್ಳೆ ಜೀನಿನ ನಡುವೆ ಕೂತು ಅದರ ಕೆಲಸ ಕೆಡಿಸ್ತವೆ.”

“ಡಾಕ್ಟ್ರು ಜಗಳಕ್ಕೆ ಬಂದಿದ್ರಲ್ಲ, ಹಾಗೆ.” ದೊಡ್ಡಪ್ಪ ನೆಟ್ಟಗೆ ಕೂತರು. “ಮತ್ತೆ ಅವರೇ ಅಳಿಸಬೇಡಿ ಅಂದ್ರು ಮಾರಾಯ್ತಿ. ಕೂತವರಿಗೆ ಹಲ್ಲುನೋವು ನೆನಪಾಗಿ ತೋರಿಸಿಯೇ ಹೋಗ್ತಿದ್ರು.”

“ಅದೂ ಉಂಟು. ತಪ್ಪಿ ಬಂದದ್ದೂ ಕೆಲವು ಸಲ ಉಪಯೋಗಕ್ಕೆ ಬೀಳ್ತದೆ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಹಾಗಾದ್ರೆ ನೀನೂ ಅಂಧೇರಿಯಲ್ಲಿ ಉಪಯೋಗಕ್ಕೆ ಬೀಳು ಎನ್ನಲು ಅವರಿಗೆ ಇನ್ನೇನು ಬೇಕು? ನಾನೇ ತೋಡಿದ ಗುಂಡಿ.

ದೊಡ್ಡಪ್ಪ ಗಲ್ಲಾ ಪೆಟ್ಟಿಗೆಯ ಮೇಲೆ ಕೈಯಿಟ್ಟರು.

“ಬೋರ್ಡು ಬರೆಸುವಾಗ ಮೇಲೆ ರೂಮ್ ಉಂಟಾ ಅಂತ ನಾನು ನೋಡ್ಲಿಲ್ಲ,” ಎಂದರು. “ನಿನ್ನನ್ನು ಕರೆಯುವಾಗ ಮನಸ್ಸುಂಟಾ ಅಂತ ಕೇಳ್ಲಿಲ್ಲ. ನಂಗೆ ನನ್ನದೇ ಒಂದು ನಕಲು ಬೇಕಿತ್ತು, ಅಷ್ಟೆ.”

ನನಗೆ ಗೆದ್ದ ಖುಷಿಗಿಂತ ಅವರ ಮೇಲಿನ ಕನಿಕರವೇ ಹೆಚ್ಚಾಯಿತು. ಅವರು ನನ್ನ ಮುಖ ನೋಡಿಯೂ ನೋಡದವರಂತೆ ಅಡುಗೆಮನೆಗೆ ಒಂದು ಮಸಾಲೆ ಎಂದು ಕೂಗಿದರು.

“ನಾಳೆ ಪವಾಯಿಗೆ ಹೋಗು. ಈಗ ಮೇಲೆ ಹೋಗಿ ಕೂತ್ಕೋ. ಇಲ್ಲಿ ರೂಮ್ ಉಂಟು.”